ಸಾಕಮ್ಮನ ಮಲ್ಲಿಗೆ ತೋಟದ ಪರಿಹಾರ

2020ರ ಲಾಕ್‌ಡೌನ್ ಕಾಲದಲ್ಲಿ ನಾನು ಮೈಸೂರಿನಲ್ಲಿ ಸಹಾಯಕ ತೋಟಗಾರಿಕೆ ಅಧಿಕಾರಿಯಾಗಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ದೇವರಾಜ ಮಾರುಕಟ್ಟೆಯ ಹೂವಿನ ಸಾಲು ಮುಚ್ಚಿತ್ತು. ದೇವಸ್ಥಾನ, ಮದುವೆ ಯಾವುದೂ ಇರಲಿಲ್ಲ. ಹೂ ಬೆಳೆಗಾರರಿಗೆ ಸರ್ಕಾರ ಪರಿಹಾರ ಘೋಷಿಸಿದಾಗ, ನಗರದ ಅಂಚಿನ ಹಳ್ಳಿಗಳ ತೋಟಗಳನ್ನು ಪರಿಶೀಲಿಸಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಸಾಕಮ್ಮನವರನ್ನು ಕಂಡದ್ದು ಹಾಗೆ. ಅರ್ಧ ಎಕರೆ ಮಲ್ಲಿಗೆ. ಕೊಳ್ಳುವವರಿಲ್ಲದಿದ್ದರೂ ದಿನವೂ ಮೊಗ್ಗು ಬಿಡಿಸಿ ನಾಲೆಗೆ ಸುರಿಯುತ್ತಿದ್ದರು.

“ಈ ಸಲ ನಾಲೇಗೇ ಪೂಜೆ ಕಣವ್ವ. ದೇವ್ರಿಗೂ ಇಷ್ಟೊಂದು ಊವ ಆಕಿರ್ನಿಲ್ಲ ನಾನು,” ಎಂದು ನಕ್ಕರು.

ಆದರೆ ಪಹಣಿ, ಅಂದರೆ ಜಮೀನಿನ ಒಡೆತನ ತೋರಿಸುವ ದಾಖಲೆ, ಮೈಸೂರಿನದೇ ವಿಜಯನಗರ ಬಡಾವಣೆಯಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರ ಹೆಸರಿನಲ್ಲಿತ್ತು. ಸಾಕಮ್ಮ ಬರೀ ಬಾಯಿಮಾತಿನ ಮೇಲೆ ಆ ಜಮೀನನ್ನು ವಾರಕ್ಕೆ, ಅಂದರೆ ಪಾಲಿಗೆ, ಮಾಡುತ್ತಿದ್ದರು. ಬಂದದ್ದರಲ್ಲಿ ಅರ್ಧ ಮೇಷ್ಟ್ರಿಗೆ. ಗಿಡ ನೆಟ್ಟು ಸಾಕಿದವರು ಸಾಕಮ್ಮ. ತೋಟ ಆಗಷ್ಟೇ ತುಂಬು ಫಸಲಿಗೆ ಬಂದಿತ್ತು. ಪರಿಹಾರ ಅವರ ಖಾತೆಗೆ ಬರಬೇಕಾದರೆ, ಸಾಗುವಳಿ ಮಾಡುತ್ತಿರುವವರು ಇವರೇ ಎಂದು ಮಾಲೀಕರು ಬರೆದು ಸಹಿ ಹಾಕಬೇಕಿತ್ತು. ಸಾಕಮ್ಮನವರನ್ನು ಕರೆದುಕೊಂಡು ವಿಜಯನಗರಕ್ಕೆ ಹೋದೆ.

ಮೇಷ್ಟ್ರು ಒರಟರಲ್ಲ. ವರಾಂಡದಲ್ಲಿ ದೂರದೂರಕ್ಕೆ ಕುರ್ಚಿ ಹಾಕಿಸಿದರು. ಕಾಗದ ಓದಿ ಪಕ್ಕಕ್ಕಿಟ್ಟರು.

“ಬೇಕಾದ್ರೆ ನನ್ನ ಜೇಬಿಂದ ಕೊಡ್ತೀನಿ ಕಣಮ್ಮ. ಇದಕ್ಕೆ ಮಾತ್ರ ಸಹಿ ಕೇಳ್ಬೇಡಿ. ನಮ್ಮಪ್ಪ ಹಿಂಗೇ ಒಪ್ಕೊಂಡು, ಇದ್ದ ಗದ್ದೆಯೆಲ್ಲ ಗೇಣಿದಾರನ ಪಾಲಾಯ್ತು.”

ಭೂಸುಧಾರಣೆಯ ದಿನಗಳಿಂದ ಆ ಮನೆಯಲ್ಲಿ ಉಳಿದುಕೊಂಡಿದ್ದ ಭಯ ಅದು. ಈ ಪತ್ರ ಪರಿಹಾರಕ್ಕೆ ಮಾತ್ರ ಎಂದು ವಿವರಿಸಿದೆ.

“ಇವತ್ತು ನೀವು ಹೇಳ್ತೀರಿ. ನಾಳೆ ನಿಮ್ಮ ಕುರ್ಚೀಲಿ ಇನ್ಯಾರೋ ಇರ್ತಾರಲ್ಲ?”

ಅಷ್ಟರಲ್ಲಿ ಸಾಕಮ್ಮ ಎದ್ದು ನಿಂತರು.

“ಬುಡಿ ಮೇಷ್ಟ್ರೇ. ನಂಗೆ ಯಾವ ದುಡ್ಡೂ ಬ್ಯಾಡ. ಜಮೀನು ನಂದು ಅಂತ ಯಾವತ್ತಾರ ಅಂದಿದ್ದೀನಾ? ನನ್ನ ಗಿಡ ಇರ್ಲಿ, ಅಷ್ಟೇಯ.”

“ಇರ್ಲಿ, ಇರ್ಲಿ,” ಎಂದರು ಮೇಷ್ಟ್ರು, ಅವರ ಮುಖ ನೋಡದೆ.

ಜೀಪಿನಲ್ಲಿ ಮರಳುವಾಗ ಸಾಕಮ್ಮ ಹೇಳಿದ್ದು ಇಷ್ಟು: “ಆ ಅರ್ಜಿ ಅರ್ದಾಕ್ಬುಡಿ ಕಣವ್ವ. ಅದಿರೋಗಂಟ ಅವ್ರಿಗೆ ನಿದ್ದೆ ಬರಾಕಿಲ್ಲ.”

ಅರ್ಜಿ ಹಿಂಪಡೆದದ್ದಾಯಿತು. ಮಳೆಗಾಲ ಕಳೆದ ಮೇಲೆ ಬೇರೊಂದು ತೋಟ ನೋಡಲು ಅದೇ ದಾರಿಯಲ್ಲಿ ಹೋದೆ. ಮಲ್ಲಿಗೆ ಇರಲಿಲ್ಲ. ಟ್ರ್ಯಾಕ್ಟರ್ ಹೊಡೆಸಿ, ಸುತ್ತ ಕಲ್ಲುಕಂಬ ನೆಟ್ಟು ತಂತಿ ಬಿಗಿಸಲಾಗಿತ್ತು.

“ಆಫೀಸ್ನೋರು ಬಂದೋದ್ರು ನೋಡಿ, ಅವತ್ತಿಂದ ಮೇಷ್ಟ್ರಿಗೆ ದಿಗಿಲು,” ಎಂದರು ಪಕ್ಕದ ಹೊಲದವರು. ಬಂದುಹೋದವಳು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ.

ಸಾಕಮ್ಮ ಮತ್ತೆ ಸಿಕ್ಕಿದ್ದು ಮಾರುಕಟ್ಟೆಯ ಮುಂದೆ, ಕೂಲಿಗೆ ಯಾರದೋ ಮೊಗ್ಗು ಕಟ್ಟುತ್ತಿದ್ದಾಗ. ನನ್ನನ್ನು ದೂರಲಿಲ್ಲ. ಒಂದು ಮೊಳ ಕತ್ತರಿಸಿ ಕೈಗಿಟ್ಟು, “ಮುಡ್ಕೊಳಿ. ನಮ್ಮ ತೋಟದ್ದಲ್ಲ,” ಎಂದರು.

ಪರಿಹಾರ ತಲುಪಿಸುವ ಕ್ರಮವನ್ನು ತರಬೇತಿಯಲ್ಲಿ ಕಲಿತಿದ್ದೆ. ಆ ಪರಿಹಾರ ಕೇಳಿದ್ದಕ್ಕೇ ಒಬ್ಬರು ಏನು ಕಳೆದುಕೊಳ್ಳಬಹುದು ಎಂಬುದನ್ನು ಕಲಿಸಿದ್ದು ಆ ಅರ್ಧ ಎಕರೆ. ಈಗ ಮಾಲೀಕರ ಮನೆಗೆ ಹೋಗುವ ಮುಂಚೆ, ಉಳುವವರನ್ನು ಒಬ್ಬರನ್ನೇ ಕೂರಿಸಿಕೊಂಡು ಕೇಳುತ್ತೇನೆ: “ಅವರು ಒಪ್ಪದೇ ಹೋದರೆ ನಿಮ್ಮ ಗತಿಯೇನು?”

ಹಲವರು ಅರ್ಜಿಯನ್ನು ಮಡಚಿ ಸೆರಗಿಗೋ ಜೇಬಿಗೋ ಸೇರಿಸಿಕೊಂಡು, ನಮಸ್ಕಾರ ಹೇಳಿ ಎದ್ದು ಹೋಗುತ್ತಾರೆ.