ಖಾಲಿ ಕೊರಳಲ್ಲಿ ಕಳಿಸದ ನೀಲಮ್ಮ

ನಮ್ಮ ಓಣಿಯ ನಾಯಿಗಳು ಬೀಗರ ಮನೆಗೆ ಹೋಗಿ ಬಂದವರಂತೆ ಗಂಟಿನೊಂದಿಗೆ ಮರಳುತ್ತಿದ್ದವು. ಕೊರಳ ಪಟ್ಟಿಗೆ ಹಳೆಯ ಸೀರೆಯ ಅರಿವೆಯಲ್ಲಿ ಕಟ್ಟಿದ ಒಂದು ಪುಟ್ಟ ಗಂಟು ತೂಗುತ್ತಿರುತ್ತಿತ್ತು. ಮನೆಯವರು ಮದುವೆಗೋ ಯಾತ್ರೆಗೋ ಹೋಗಿ ಬಂದರೆಂದು ತಿಳಿದ ಕೂಡಲೇ ನೀಲಮ್ಮ ತಾನೇ ಹಗ್ಗ ಹಿಡಿದು ಅವರ ಬಾಗಿಲಿಗೆ ಬರುವಳು, ನಾಯಿಯನ್ನು ಒಪ್ಪಿಸುವಳು, ಗಂಟು ಬಿಚ್ಚುವುದನ್ನು ನೋಡಲೂ ನಿಲ್ಲದೆ ಹೊರಟುಬಿಡುವಳು. ಸಿಂಧನೂರಿನ ನಮ್ಮ ಓಣಿಯಲ್ಲಿ ಒಂಬತ್ತು ವರ್ಷ, ಊರಿಗೆ ಹೋದವರ ನಾಯಿ ಬೆಕ್ಕುಗಳನ್ನು ನೋಡಿಕೊಂಡು ಬಾಳಿದ ಆ ಹೆಂಗಸು ಒಂದು ಜೀವವನ್ನೂ ಖಾಲಿ ಕೊರಳಲ್ಲಿ ಹಿಂದಿರುಗಿಸಿದ್ದನ್ನು ನಾನು ಕಂಡಿಲ್ಲ. ನಾನು ಕಂಡಿಲ್ಲವೆಂದರೆ ಅದು ನಡೆದಿಲ್ಲವೆಂದೇ ಅರ್ಥ. ಅವಳ ಬಾಗಿಲು ನನ್ನ ಬಾಗಿಲಿಗೆ ನೇರ ಎದುರಿತ್ತು.

ನಾನು ಲಿಂಗಸುಗೂರಿನ ಸರಕಾರಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಓಣಿಯೆಲ್ಲ ನನ್ನನ್ನು ಅಕ್ಕೋರು ಎಂದೇ ಕರೆಯುತ್ತದೆ. ಲೋಕದ ರೀತಿ ತಪ್ಪಿದ್ದನ್ನು ಕಂಡರೆ ಕೇಳದೆ ಬಿಡುವ ಅಭ್ಯಾಸ ನನಗಿಲ್ಲ. ಆದ್ದರಿಂದ ಒಂದು ದಿನ ಕೇಳಿಯೇ ಬಿಟ್ಟೆ.

"ನೋಡಿಕೊಂಡಾಕಿ ನೀನು. ಕೊಡಬೇಕಾದವರು ಅವರು. ನೀ ಯಾಕ ಕೊಡತಿ?"

"ಅಕ್ಕೋರ, ಬಾಜೂ ಮನಿಯವರು ಡಬ್ಬಿಯೊಳಗ ಹೋಳಗಿ ಕೊಟ್ರ ಆ ಡಬ್ಬಿ ಖಾಲಿ ಹೊಳ್ಳಿ ಕೊಡತೀರೇನ್ರಿ? ಒಂದ ಚಮಚ ಸಕ್ರಿನರ ಹಾಕಿ ಕೊಡತೀರಿ. ಡಬ್ಬಿಗೇ ಅಷ್ಟ ಮರ್ಯಾದಿ ಇದ್ದಮ್ಯಾಲ ಜೀವಾ ಖಾಲಿ ಹೆಂಗ ಕೊಡ್ಲಿ?"

ಮೂವತ್ತಾರು ವರ್ಷ ಪ್ರಶ್ನೆ ಕೇಳಿಯೇ ಸಂಬಳ ಪಡೆದ ನಾನು ಆ ದಿನ ಒಳಗೆ ಹೋಗಿ ಬಾಜೂ ಮನೆಯ ಡಬ್ಬಿಗೆ ಸಕ್ಕರೆ ಹಾಕಿದೆ.

ಅವಳು ಮಸ್ಕಿಯವಳು. ತಂದೆ ಅಲ್ಲಿಯ ಪಶು ಆಸ್ಪತ್ರೆಯಲ್ಲಿ ಜವಾನರಾಗಿದ್ದರಂತೆ. ಬೆದರಿದ ಪ್ರಾಣಿಯ ಎದುರು ನಿಲ್ಲಬಾರದು, ಕೂಡಬೇಕು ಎಂಬುದನ್ನು ಅವರಿಂದ ಕಲಿತಿದ್ದಳು. ಗಂಡ ಭತ್ತದ ಲಾರಿ ಓಡಿಸುತ್ತಿದ್ದ. ಯಾರಾದರೂ ನಾಯಿಯನ್ನು ಬಿಟ್ಟುಹೋಗುವುದಿದ್ದರೆ ಎರಡು ದಿನ ಮೊದಲೇ ಅವರ ಮನೆಗೆ ಹೋಗಿ, ಕುರ್ಚಿ ಕೊಟ್ಟರೂ ಒಲ್ಲೆನೆಂದು, ನೆಲದ ಮೇಲೆ ಅರ್ಧ ತಾಸು ಕೂತು ಬರುವಳು. ನಾಯಿ ಎಲ್ಲಿ ಮಲಗುತ್ತದೆ, ಯಾರ ಹೆಜ್ಜೆಗೆ ಕಿವಿ ಎತ್ತುತ್ತದೆ ಎಂಬುದನ್ನು ನೋಡುವುದು ಅವಳ ಕೆಲಸ. ನೆಲದ ಮೇಲೆ ಕೂತವಳಿಗೆ ಆ ಮನೆಯ ಕೊರತೆಯೂ ಕಾಣುತ್ತಿತ್ತು. ಕುರ್ಚಿಯ ಮೇಲೆ ಕೂಡುವ ನಮಗೆ ಕಾಣದ್ದು.

ಬ್ಯಾಂಕಿನ ಮ್ಯಾನೇಜರರ ದೊಡ್ಡ ನಾಯಿ ಹಗ್ಗ ಜಗ್ಗುವಾಗ ಅವರ ಅಂಗೈ ಕೆಂಪಾಗುತ್ತಿದ್ದುದನ್ನು ಓಣಿಯವರೆಲ್ಲ ನೋಡಿದ್ದೆವು, ನಕ್ಕಿದ್ದೆವು. ನೀಲಮ್ಮ ಆ ಹಗ್ಗದ ಹಿಡಿಗೆ ಮೆತ್ತನೆಯ ಹತ್ತಿ ಬಟ್ಟೆಯನ್ನು ನಾಲ್ಕು ಮಡಿಕೆ ಸುತ್ತಿ ಹೊಲಿದು ಕೊಟ್ಟಳು. "ಪೆನ್ನು ಹಿಡಿಯೂ ಕೈರೀ ಅವು, ಪಾಪ" ಎಂದಳು. ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಮನೆತನದ ನರ್ಸ್ ಮಾಲತಿ ತನ್ನ ಬೆಕ್ಕನ್ನು ಬಿಟ್ಟುಹೋಗಲು ಬಂದಾಗ ನೀಲಮ್ಮನ ಹಿತ್ತಲ ಬೇಲಿಯ ಕುಂಬಳ ಬಳ್ಳಿಯನ್ನು ಒಂದು ಗಳಿಗೆ ನಿಂತು ನೋಡಿದ್ದಳಂತೆ, ಅಷ್ಟೇ. ಬೆಕ್ಕು ಮರಳಿದ ದಿನ ಅದರ ಬುಟ್ಟಿಯ ಜೊತೆ ಮುತ್ತುಗದ ಎಲೆಯ ಪೊಟ್ಟಣ ಹೋಯಿತು. ಅದರಲ್ಲಿ ಮುಂಜಾನೆ ಕೊಯ್ದ ಕುಂಬಳ ಹೂವು. ನಮ್ಮವರು ತಿನ್ನದ ಆ ಹೂವನ್ನು ಮಾಲತಿಯ ಮನೆಯವರು ಹಿಟ್ಟಿನಲ್ಲಿ ಅದ್ದಿ ಕರಿದು ತಿನ್ನುತ್ತಾರೆಂದು ನೀಲಮ್ಮ ಯಾರನ್ನು ಕೇಳಿ ತಿಳಿದಳೋ, ನನಗೆ ಇಂದಿಗೂ ಪತ್ತೆಯಾಗಿಲ್ಲ. ಗಿಫ್ಟ್ ಅಂಗಡಿಯ ಗಾಜಿನ ಗೊಂಬೆಗಳನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. "ಅಂಗಡ್ಯಾಗ ಇಟ್ಟಿದ್ದು ಎಲ್ಲಾರ ಸಲುವಾಗಿ ಮಾಡಿದ್ದು. ಇವರೊಬ್ಬರ ಸಲುವಾಗಿ ಅಲ್ಲ" ಎಂಬುದು ಅವಳ ಮಾತು.

ಆದರೆ ಆ ಮನೆ ಅವಳದಾಗಿರಲಿಲ್ಲ. ಮಾಲೀಕರು ಮಸ್ಕಿಯ ಬಟ್ಟೆ ವ್ಯಾಪಾರಿ ವೀರಭದ್ರಪ್ಪನವರು. ಬಾಡಿಗೆಗೆ ಕೊಡುವಾಗಲೇ ಓಣಿಯವರ ಎದುರು ಕರಾರು ಹಾಕಿದ್ದರು: "ಪ್ರಾಣಿ ಇಟ್ಕೋ, ಬ್ಯಾಡನ್ನಂಗಿಲ್ಲ. ಆದ್ರ ಓಣಿಯೊಳಗ ಒಬ್ಬರು ಬ್ಯಾಡಂದ್ರೂ ಮನಿ ಬಿಡಬೇಕು." ಹಿತ್ತಲು, ನೆರಳು, ನೀರು ಮೂರೂ ಇರುವ ಇನ್ನೊಂದು ಬಾಡಿಗೆ ಮನೆ, ಅದೂ ನಾಯಿ ಸಾಕಲು, ಈ ಊರಿನಲ್ಲಿ ಸಿಗುವಂತಿರಲಿಲ್ಲ. ಮನೆ ಹೋದರೆ ಅವಳ ಕಸುಬೂ ಹೋದಂತೆಯೇ. ಹಾಗಾಗಿ ಅವಳ ಗಂಟುಗಳು ನೆರೆಮನೆಗಳಿಗೂ ಬರತೊಡಗಿದಾಗ ಕೆಲವರು ಅದನ್ನು ಬಾಯಿ ಮುಚ್ಚಿಸುವ ಉಪಾಯ ಎಂದರು. ಹಾಗೆಂದವರಲ್ಲಿ ನಾನೂ ಒಬ್ಬಳು.

ಅವಳು ಬಂದ ಮೊದಲ ವರ್ಷ ನಾನು ತಮ್ಮನ ಮಗಳ ಮದುವೆಗೆಂದು ಲಿಂಗಸುಗೂರಿಗೆ ಹೋಗುವಾಗ ನನ್ನ ಬೆಕ್ಕನ್ನೂ ಮನೆಯ ಕೀಲಿಕೈ ಗೊಂಚಲನ್ನೂ ಅವಳ ಜಿಮ್ಮಾ ಮಾಡಿದ್ದೆ. ಮರಳಿದಾಗ ಗೊಂಚಲಿನ ಐದು ಕೀಲಿಕೈಗಳಲ್ಲಿ ಒಂದಕ್ಕೆ ಕೆಂಪು ಉಣ್ಣೆಯ ದಾರ ಸುತ್ತಿತ್ತು.

"ಏನಿದು?"

"ತಲಬಾಗ್ಲದ್ದು ರೀ ಅದು. ಕೈಗೆ ಲಗೂನ ಸಿಗಲೆಂತ."

"ನನಗ ಕಣ್ಣ ಕಾಣಂಗಿಲ್ಲ ಅಂತ ಯಾರ ಹೇಳ್ಯಾರ ನಿನಗ?"

"ಯಾರೂ ಹೇಳಿಲ್ರಿ. ದಿನಾ ಸಂಜಿಮುಂದ ನೀವು ಒಂದೊಂದ ಕೀಲಿಕೈ ಹಾಕಿ ನೋಡತೀರಲ್ಲ, ನಾ ಎದರಿಂದ ನೋಡೀನಿ."

ಈ ಉತ್ತರ ದಾರಕ್ಕಿಂತ ಹೆಚ್ಚು ಚುಚ್ಚಿತು. ನಾನು ಅಲ್ಲೇ ದಾರ ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ. ಅವಳು ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. "ಬ್ಯಾಡಂದ್ರ ಬಿಡ್ರಿ. ಕೀಲಿಕೈ ನಿಮ್ದ" ಎಂದು ಹೋದಳು. ಎರಡು ತಿಂಗಳು ಮತ್ತೆ ಐದೂ ಕೀಲಿಕೈಗಳನ್ನು ತಿರುಗಿಸಿ ದಣಿದ ಮೇಲೆ ನಾನು ಬಜಾರಿನಿಂದ ಹಸಿರು ದಾರ ತಂದು ಅದೇ ಕೀಲಿಕೈಗೆ ಸುತ್ತಿದೆ. ಕೆಂಪು ಬಣ್ಣವಂತೂ ತರಲಿಲ್ಲ. ಒಮ್ಮೆ ಗೊಂಚಲು ಕೈಜಾರಿ ಬಿದ್ದಾಗ ಎತ್ತಿಕೊಟ್ಟವಳು ಅವಳೇ. ಅವಳ ಬೆರಳು ಆ ಹಸಿರು ದಾರದ ಮೇಲೆಯೇ ಇತ್ತು. ನಾನು ಅವಳ ನಗೆಗೆ ಸಿದ್ಧಳಾಗಿ ನಿಂತಿದ್ದೆ. ಅವಳು, "ಬೆಕ್ಕು ಹಾಲ ಕುಡಿಯಾಕತ್ತೈತೇನ್ರಿ?" ಎಂದಷ್ಟೇ ಕೇಳಿದಳು. ಯಾರು ಯಾವಾಗ ನನ್ನನ್ನು ನೋಡಿ ನಕ್ಕರೆಂಬುದೆಲ್ಲ ನನ್ನ ನೆನಪಿನಲ್ಲಿದೆ. ನಗಬಹುದಾಗಿದ್ದ ಜಾಗದಲ್ಲಿ ನಗದೆ ಬಿಟ್ಟವರು ಬಹಳ ಕಡಿಮೆ.

ಆರನೆಯ ವರ್ಷ ಮೂಲೆಯ ಹೊಸ ಮನೆಗೆ ಗುತ್ತೇದಾರ ಶೇಖರಪ್ಪನ ಕುಟುಂಬ ಬಂತು. ಮಗಳು ಬಾಣಂತನಕ್ಕೆ ತವರಿನಲ್ಲಿದ್ದಳು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಗೆಲ್ಲ ಆಮಂತ್ರಣ. ನಾವು ಬೆಳ್ಳಿಯ ಬಟ್ಟಲು, ಕೂಸಿನ ತಲೆಗೆ ಕುಲಾಯಿ, ಕುಬಸದ ಬಟ್ಟೆ ಒಯ್ದೆವು. ನೀಲಮ್ಮ ಒಯ್ದ ಗಂಟಿನಲ್ಲಿ ಇದ್ದದ್ದು ಗೇಣುದ್ದದ ಹಳೆಯ ಸೈಕಲ್ ಟ್ಯೂಬು. ಚೆನ್ನಾಗಿ ತೊಳೆದು, ಉದ್ದಕ್ಕೆ ಸೀಳಿ, ಅಂಚು ಕತ್ತರಿಸಿದ್ದು. ಶೇಖರಪ್ಪ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ನೋಡಿದ್ದನ್ನು ನಾನು ಕಂಡೆ. ವಾರದೊಳಗೆ ಮಸ್ಕಿಗೆ ಫೋನು ಹೋಯಿತು: ನಾಯಿಗಳ ಕಾಟ ತಡೆಯಲಾಗದು, ಮನೆ ಖಾಲಿ ಮಾಡಿಸಿ. ಮುಂದಿನ ರವಿವಾರ ತಾವೇ ಬಂದು ಓಣಿಯವರನ್ನೆಲ್ಲ ಕೇಳುವುದಾಗಿ ವೀರಭದ್ರಪ್ಪನವರು ತಿಳಿಸಿದರು.

ಶನಿವಾರ ಸಂಜೆ ನೀಲಮ್ಮ ಮನೆಮನೆಗೂ ಹೋದಳು. ಬೇಡಿಕೊಳ್ಳಲು ಹೊರಟಿದ್ದಾಳೆಂದುಕೊಂಡೆ. ನನ್ನ ಕಟ್ಟೆಯ ಮುಂದೆ ನಿಂತು ಅವಳು ಹೇಳಿದ್ದು ಬೇರೆ.

"ನಾಳೆ ಸಾಹುಕಾರ್ರು ಕೇಳತಾರ್ರಿ. ನಾ ಕೊಟ್ಟಿದ್ದು ತಂದಿದ್ದು ಯಾರೂ ಹೇಳಬ್ಯಾಡ್ರಿ. ಕೊಟ್ಟಿದ್ದನ್ನ ಸಾಕ್ಷಿಗೆ ನಿಲ್ಲಿಸಬಾರದು. ನಾಯಿಯಿಂದ ತ್ರಾಸ ಆಗಿದ್ರ ಅದನ್ನ ಹೇಳ್ರಿ."

"ಇದ್ದದ್ದ ಹೇಳಿದ್ರ ನಿನ್ನ ಮನಿ ಹೋಗತೈತಿ, ಗೊತ್ತೈತಿಲ್ಲ?"

"ಗೊತ್ತೈತ್ರಿ. ಆದ್ರ ನೀವು ಸುಳ್ಳ ಹೇಳಿ ಉಳಿಸಿದ ಮನ್ಯಾಗ ನಾ ಹೆಂಗ ಮಕ್ಕೊಳ್ಳಿ?"

ಮರುದಿನ ಬೆಳಿಗ್ಗೆ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿದರು. ನೀಲಮ್ಮ ತನ್ನ ಗೇಟಿಗೆ ಒರಗಿ ನಿಂತಿದ್ದಳು. ವೀರಭದ್ರಪ್ಪನವರು ಮೊದಲು ನನ್ನ ಕಡೆಗೆ ತಿರುಗಿದರು.

"ಅಕ್ಕೋರ, ನೀವು ಹಿರೇರು. ಓಣಿಯೊಳಗ ನಿಮಗೇನರ ತಕರಾರ ಐತೇನ್ರಿ?"

"ಐತಿ" ಎಂದೆ. "ಆರು ವರ್ಷದಾಗ ಈಕಿಯ ಮನಿ ನಾಯಿ ಬೊಗಳಿ ನಾಕ ಸಲ ನನ್ನ ಮಧ್ಯಾಹ್ನದ ನಿದ್ದಿ ಕೆಟ್ಟೈತಿ. ಎರಡ ಸಲ ಮ್ಯಾನೇಜರ ನಾಯಿ. ಒಂದ ಸಲ ಗೊರೇಬಾಳದಿಂದ ಬಂದ ಕರೀ ನಾಯಿ. ಒಂದ ಸಲ ಮಂಗ್ಯಾ ಬಂದಿದ್ವು, ಅದು ನಾಯಿ ತಪ್ಪಲ್ಲ, ಆದ್ರೂ ನಿದ್ದಿ ಕೆಟ್ಟಿದ್ದು ಖರೆ. ಇನ್ನ ಶೇಖರಪ್ಪ ಬಂದು ಹತ್ತ ತಿಂಗಳಾತು. ನನ್ನ ಗೇಟಿನ ಮುಂದ ಉಸುಕಿನ ಗುಂಪಿ ಹದಿನೆಂಟ ದಿನ. ತೊಟ್ಲದ ಮೈಕ್ ಮೂರ ದಿನ. ಮ್ಯಾಲ ನನ್ನ ಏಣಿ ಒಯ್ದಾನ, ಇನ್ನೂ ಬಂದಿಲ್ಲ."

ಹಿಂದೆ ಯಾರೋ ನಕ್ಕರು. ಶೇಖರಪ್ಪ ಎದ್ದು ನಿಂತ. "ಅಕ್ಕೋರ, ತಕರಾರ ನಾಯಿದು. ನೀವು ನಂದ ಹೇಳಾಕತ್ತೀರಿ."

"ಸಾಹುಕಾರ್ರು ತಕರಾರ ಕೇಳ್ಯಾರ. ಯಾರದು ಹೇಳಬೇಕು, ಯಾರದು ಬಿಡಬೇಕು ಅಂತ ಅವರು ಅಂದಿಲ್ಲ."

"ನಾಯಿ ಮಾತ ಬಿಡ್ರಿ ಹಂಗಾರ" ಎಂದ ಅವನು ವೀರಭದ್ರಪ್ಪನವರ ಕಡೆ ತಿರುಗಿದ. ಮುಖ ಕೆಂಪೇರಿತ್ತು. "ಮಮ್ಮಗನ ತೊಟ್ಲಕ್ಕ ಮರ್ಯಾದಿಲೆ ಕರದ್ರ ಈಕಿ ಸೈಕಲ್ ಟ್ಯೂಬಿನ ತುಂಡ ತಂದಾಳ್ರಿ. ನಾವೇನ್ ಪಂಕ್ಚರ್ ಅಂಗಡಿ ಇಟ್ಟೀವೇನು?"

ನಿಜವಾದ ತಕರಾರು ಆಗ ಹೊರಬಿತ್ತು. ಕೊಟ್ಟವರ ಕಣ್ಣಿಗೆ ತನ್ನದೊಂದು ಕೊರತೆ ಬಿದ್ದಿದೆ ಎಂಬುದು ಎಷ್ಟು ಉರಿಸುತ್ತದೆಂದು ಆ ಗುಂಪಿನಲ್ಲಿ ಅವನನ್ನು ಬಿಟ್ಟರೆ ನನಗೇ ಗೊತ್ತಿತ್ತು.

"ಯಾಕ ಕೊಟ್ಟಿಯವ್ವಾ?" ಎಂದು ವೀರಭದ್ರಪ್ಪನವರು ಕೇಳಿದರು.

ನೀಲಮ್ಮ ತಲೆ ತಗ್ಗಿಸಿಯೇ ಹೇಳಿದಳು: "ಅವರ ಗೇಟಿನ ಕೊಂಡಿ ಬಡದಾಗೊಮ್ಮೆ ಕೂಸು ಬೆದರಿ ಅಳತಿತ್ತು ರೀ. ನಮ್ಮನಿತನ ಕೇಳತಿತ್ತು. ಕೊಂಡಿಗೆ ಸುತ್ತಲೆಂತ ಕೊಟ್ಟೆ. ಹೇಳಿ ಕೊಡಬೇಕಿತ್ತು. ತಪ್ಪ ನಂದ."

ಅಷ್ಟು ಹೊತ್ತು ತನ್ನ ಮನೆಯ ಮುಂದೆ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಶೇಖರಪ್ಪನ ಮಗಳು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಆ ಟ್ಯೂಬಿತ್ತು, ಎಸೆದಿರಲಿಲ್ಲ. ಒಂದೇ ಕೈಯಿಂದ ಅದನ್ನು ಕೊಂಡಿಗೆ ಸುತ್ತಿ, ಗೇಟನ್ನು ಪೂರ್ತಿ ತೆರೆದು, ಜೋರಾಗಿ ಎಳೆದುಕೊಂಡಳು. ನಾವೆಲ್ಲ ಸದ್ದಿಗಾಗಿ ಕಾದೆವು. ಸದ್ದು ಬರಲಿಲ್ಲ. ಕೂಸು ಹೆಗಲ ಮೇಲೆ ನಿದ್ದೆಯಲ್ಲೇ ಇತ್ತು.

"ಅಪ್ಪಾ, ಸಾಕ ಬಿಡು" ಎಂದಳು.

ಶೇಖರಪ್ಪ ಕೂತ. ವೀರಭದ್ರಪ್ಪನವರು, "ಇನ್ನ ಮ್ಯಾಲ ನಾ ಯಾರನ್ನೂ ಕೇಳಂಗಿಲ್ಲ. ಮನ್ಯಾಗ ಇರೂದು ಬಿಡೂದು ಆಕಿಗೆ ಬಿಟ್ಟಿದ್ದು" ಎಂದು ಎದ್ದರು. ಎಲ್ಲರೂ ಚಹಕ್ಕೆ ಶೇಖರಪ್ಪನ ಮನೆಗೇ ಹೋದರು. ಸಂಜೆ ನನ್ನ ಏಣಿಯೂ ಬಂತು. ಅದರ ಹಿಂದೆ ನೀಲಮ್ಮ ಬಂದಳು, ಕೃತಜ್ಞತೆ ಹೇಳಲಿಕ್ಕಲ್ಲ. "ಏಣಿ ಮಾತ ಬ್ಯಾಡಾಗಿತ್ರಿ ಅಕ್ಕೋರ. ಮಗಳ ಮುಂದ ಆ ಮನುಷ್ಯಾ ನಾಚಿಕೊಂಡ" ಎಂದು ನನಗೇ ಬುದ್ಧಿ ಹೇಳಿ ಹೋದಳು. ಆ ಮಾತನ್ನೂ ನಾನು ಮರೆತಿಲ್ಲ.

ಮತ್ತೆ ಮೂರು ವರ್ಷ ಅವಳು ನಮ್ಮೆದುರಿಗೇ ಇದ್ದಳು. ಹೋದ ವರ್ಷ ಗಂಡನಿಗೆ ಲಿಂಗಸುಗೂರಿನಲ್ಲಿ ಕಾಯಂ ಕೆಲಸ ಸಿಕ್ಕಿತು. ಅಲ್ಲಿ ಹಿತ್ತಲಿರುವ ಒಂದು ಬಾಡಿಗೆ ಮನೆ ನೋಡಿ ಬಂದರು. ಆದರೆ ನಾಯಿ ಬೆಕ್ಕುಗಳ ವಿಷಯ ಕೇಳಿದ ಕೂಡಲೇ ಆ ಮಾಲೀಕ ಹಿಂದೆ ಸರಿದನಂತೆ. ಬೀಳ್ಕೊಡುಗೆಗೆ ಓಣಿಯವರೆಲ್ಲ ಕೂಡಿ ಬೆಳ್ಳಿಯ ದೀಪದ ಸಮೆ ಕೊಡೋಣವೆಂದರು. ನನಗೆ ಸಿಟ್ಟು ಬಂತು. ಒಂಬತ್ತು ವರ್ಷ ಎದುರು ಕೂತು ಕಲಿಸಿದರೂ ಒಂದಕ್ಷರ ತಲೆಗೆ ಹತ್ತದ ತರಗತಿಯ ಮೇಲೆ ಬರುವಂಥ ಸಿಟ್ಟು. ಅವಳಿಗೆ ಆ ಹೊತ್ತಿಗೆ ಬೇಕಿದ್ದದ್ದು ಮನೆ. ಮನೆ ಸಿಗಲು ಬೇಕಿದ್ದದ್ದು ನೆರೆಯವರ ಮಾತು.

ನಾನು ಗಟ್ಟಿ ಕಾಗದ ತಂದು, ಶಾಲೆ ಬಿಡುವ ಮಕ್ಕಳಿಗೆ ಕೊಡುವ ಪತ್ರದ ಮಾದರಿಯಲ್ಲೇ, ಶಾಯಿಯ ಪೆನ್ನಿನಿಂದ ಬರೆದೆ: ಶ್ರೀಮತಿ ನೀಲಮ್ಮ ಅವರು ಈ ಓಣಿಯಲ್ಲಿ ಒಂಬತ್ತು ವರ್ಷ ವಾಸವಾಗಿದ್ದರು, ತಮ್ಮ ವಶಕ್ಕೆ ಬಂದ ಪ್ರತಿಯೊಂದು ಪ್ರಾಣಿಯನ್ನು ಕ್ಷೇಮವಾಗಿ ಹಿಂದಿರುಗಿಸಿದ್ದಾರೆ, ನಡತೆ ಉತ್ತಮ. ಮನೆಮನೆಗೂ ಹೋಗಿ ಸಹಿ ಪಡೆದೆ. ಶೇಖರಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. "ಇದರಾಗ ನಂದೇನೂ ಬರದಿಲ್ಲಲ್ರಿ?" ಎಂದು ಕೇಳಿ, ಇಲ್ಲವೆಂದ ಮೇಲೆ ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದ.

ಕೆಲಸಕ್ಕೆ ಹಾಜರಾಗುವ ದಿನ ಬಂದು, ಮನೆ ಗೊತ್ತಾಗದೆಯೇ ಸಾಮಾನು ಲಾರಿಗೇರಿದ ಬೆಳಿಗ್ಗೆ ಪತ್ರವನ್ನು ಅವಳ ಕೈಗಿತ್ತೆ. ಅವಳು ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಮೆಚ್ಚುಗೆಯ ಮಾತಿಗೆ ಕಾಯುತ್ತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.

"ಬೊಗಳಿದ್ದು ಎಲ್ಲೈತ್ರಿ ಅಕ್ಕೋರ?"

"ಅದನ್ನೂ ಬರೀಬೇಕೇನ?"

"ಬರೀರಿ. ಬರೇ ಚಲೋ ಅಂತ ಬರದ ಕಾಗದಾ ಯಾರ್ ನಂಬತಾರ್ರಿ? ಹ್ವಾದ ಮಳಿಗಾಲದಾಗ ಇನ್ನೊಂದ ಸಲ ಆಗೇತಿ. ಐದ ಅಂತ ಬರೀರಿ."

ಲಾರಿಯ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದೆ: ಒಂಬತ್ತು ವರ್ಷಗಳಲ್ಲಿ ಐದು ಬಾರಿ ನಾಯಿ ಬೊಗಳಿ ನನ್ನ ನಿದ್ದೆಗೆ ಭಂಗವಾಗಿದೆ. ಅವಳು ಶಾಯಿ ಒಣಗುವವರೆಗೆ ಊದಿ, ಮಡಿಚದೆ, ಎರಡು ರಟ್ಟುಗಳ ನಡುವೆ ಇಟ್ಟುಕೊಂಡಳು. ನನ್ನ ಕಾಲಿಗೆ ನಮಸ್ಕರಿಸಿ ಗಂಡನ ಪಕ್ಕ ಹತ್ತಿ ಕೂತಳು. ಅದೇ ನಾನು ಅವಳನ್ನು ಕೊನೆಯ ಸಲ ನೋಡಿದ್ದು.

ಆ ಮನೆ ಅವಳಿಗೆ ಸಿಕ್ಕಿತೆಂದು, ಲಿಂಗಸುಗೂರಿಗೆ ಹೋಗಿ ಅವಳನ್ನು ಕಂಡ ಮಾಲತಿ ಬಂದು ಹೇಳಿದಳು. ಮಾಲೀಕ ಪತ್ರವನ್ನು ಉದಾಸೀನವಾಗಿ ಓದುತ್ತ ಬಂದವನು ಕೊನೆಯ ಸಾಲಿಗೆ ನಿಂತು, "ಐದು ಸಲ ಬೊಗಳಿದ್ದು ನೆನಪಿಟ್ಟವರು ಉಳಿದದ್ದನ್ನೂ ಖರೇನ ಬರದಿರತಾರ" ಎಂದು ಕೀಲಿಕೈ ಕೊಟ್ಟನಂತೆ.

ಎದುರು ಮನೆಗೆ ಈಗ ಬೇರೆಯವರು ಬಂದಿದ್ದಾರೆ. ನನ್ನ ಮಧ್ಯಾಹ್ನದ ನಿದ್ದೆ ಕೆಡಿಸಲು ನಾಯಿಯ ಸದ್ದೂ ಇಲ್ಲ. ಆದರೂ ಆ ಹೊತ್ತಿಗೆ ಎಚ್ಚರವಾಗಿಯೇ ಇರುತ್ತೇನೆ. ಮೂವತ್ತಾರು ವರ್ಷಗಳಲ್ಲಿ ಎಷ್ಟು ಮಕ್ಕಳ ಪತ್ರದಲ್ಲಿ ‘ನಡತೆ ಉತ್ತಮ’ ಎಂದು ಬರೆದೆನೋ ತಿಳಿಯದು. ಅಚ್ಚಾದ ನಮೂನೆಯಲ್ಲಿ ಆ ಜಾಗವನ್ನು ತುಂಬಲೇಬೇಕಿತ್ತು, ತುಂಬಿದೆ. ಅವುಗಳಲ್ಲಿ ಯಾವುದಾದರೊಂದನ್ನು ತಂದು, ಇದು ನಿಜವೇ ಎಂದು ಯಾರಾದರೂ ಕೇಳಿದರೆ ನಾನು ಯೋಚಿಸಬೇಕಾಗುತ್ತದೆ. ಲಿಂಗಸುಗೂರಿನ ಬಾಡಿಗೆ ಮನೆಯೊಂದರಲ್ಲಿರುವ ಆ ಒಂದು ಕಾಗದದ ಬಗ್ಗೆ ಕೇಳಿದರೆ ಮಾತ್ರ, ನಾನು ಎದ್ದು ನಿಂತು ಉತ್ತರ ಹೇಳುತ್ತೇನೆ.