ಅಂಗೈ ಕಂಡರೆ ಹಿಂದೆ ಸರಿಯುವ ಹುಡುಗಿ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಯಿಂದ ಬಂದು ಟೀಚರಾದವಳು. ಮಕ್ಕಳ ವಿಷಯ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬವಿತ್ತು. ಅದನ್ನು ಇಳಿಸಿದ್ದು ಚಿಂತಾಮಣಿ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ಒಂದನೇ ತರಗತಿಗೆ ಬಂದ ಒಬ್ಬ ಹುಡುಗಿ.

ಅವಳು ಬಾಯಿ ಬಿಡುತ್ತಿರಲಿಲ್ಲ. ಮನೆಮಾತು ತೆಲುಗು, ಕನ್ನಡ ನಿಧಾನವಾಗಿ ಬರುತ್ತದೆ ಅಂದುಕೊಂಡೆ. ಆದರೆ ಎಣಿಕೆ ಹೇಳಿಕೊಡುವಾಗ ಅಂಗೈ ಎತ್ತಿ ಬೆರಳು ಅಗಲಿಸಿ "ಎಷ್ಟು?" ಎಂದರೆ, ಮಿಕ್ಕವರು "ಐದು ಮಿಸ್!" ಎಂದು ಕೂಗುವಷ್ಟರಲ್ಲಿ ಇವಳು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಅಂಟಿಕೊಳ್ಳುತ್ತಿದ್ದಳು.

"ನಾನ್ಯಾವತ್ತಾದ್ರೂ ಹೊಡ್ದಿದೀನೇನ್ರಪ್ಪ?" ಎಂದು ಮಕ್ಕಳನ್ನು ಕೇಳಿದೆ.

"ಇಲ್ಲ ಮಿಸ್, ಬರೀ ಬೈತೀರ."

ಮುಖ್ಯ ಶಿಕ್ಷಕಿ ಬೇಸತ್ತರು. "ಸೋಮವಾರ ನಾನೇ ಎಣಿಕೆ ಕೇಳ್ತೀನಿ ಕಣಮ್ಮ. ಹೇಳ್ದಿದ್ರೆ ಇನ್ನೊಂದು ವರ್ಷ ಅಂಗನವಾಡೀಗೇ ಕಳ್ಸಣ."

ಒಂದು ವರ್ಷ ಹಿಂದೆ ಬಿದ್ದ ಹೆಣ್ಣುಮಗು ಆಮೇಲೆ ಎಷ್ಟು ದಿನ ಶಾಲೆಯಲ್ಲಿ ಉಳಿಯುತ್ತದೆ? ನಮ್ಮಕ್ಕ ಉಳಿಯಲಿಲ್ಲ.

ಶನಿವಾರ ಹುಡುಗಿಯ ಮನೆಗೆ ಹೋದೆ. ಅವರದೂ ರೇಷ್ಮೆ ಹುಳು ಸಾಕುವ ಮನೆ. ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಹುಡುಗಿಯ ತಾಯಿ ಮೂಗು ಬಾಯಿಗೆ ಸೆರಗು ಸುತ್ತಿಕೊಂಡು ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದರು. ನನ್ನನ್ನು ಕಂಡವರೇ ಅಂಗೈ ಎತ್ತಿದರು. ಐದೂ ಬೆರಳು ಅಗಲವಾಗಿ.

ನಾನು ಹೊಸ್ತಿಲಾಚೆಯೇ ನಿಂತುಬಿಟ್ಟೆ. ಯಾರೂ ಹೇಳಬೇಕಾಗಲಿಲ್ಲ. ಹೊರಗಿನ ಕಾಲು ಹುಳುಮನೆಯೊಳಗೆ ಬರಬಾರದು, ನಿಲ್ಲು! ನಮ್ಮಮ್ಮನೂ ಹೀಗೇ ಕೈ ಎತ್ತುತ್ತಿದ್ದಳು. ಓದಿನ ಭರದಲ್ಲಿ ಇದನ್ನೇ ಮರೆತಿದ್ದೆನಲ್ಲ!

ಆಮೇಲೆ ಅವರು, ಬಾಯಿ ಕಟ್ಟಿಕೊಂಡಿದ್ದರಿಂದ ಕೈಸನ್ನೆಯಲ್ಲೇ, ಮಗಳಿಗೆ ಮೂರು ಬೆರಳು ತೋರಿಸಿದರು. ಅವಳು ಮೂರು ಹಳೇ ಪೇಪರು ಎಣಿಸಿ ತಂದು ಹೊಸ್ತಿಲ ಮೇಲಿಟ್ಟಳು. ಮುಷ್ಟಿ ಹಿಡಿದರೆ ಕಿಟಕಿಯ ಪರದೆ ಇಳಿಸಿದಳು. ಒಂದೂ ತಪ್ಪಲಿಲ್ಲ.

ಕೆಲಸ ಮುಗಿಸಿ, ಸೆರಗು ಬಿಚ್ಚಿ ಬಂದ ತಾಯಿಗೆ ಶಾಲೆಯ ಮಾತು ಹೇಳಿದೆ. "ಇದಾ? ಅಯ್ಯೋ, ಮನೇಲಿ ಇದರ ಬಾಯಿ ಮುಚ್ಸೋಕಾಗಲ್ಲ ಮೇಡಂ!" ಎಂದು ನಕ್ಕರು.

ಸೋಮವಾರ ಮುಖ್ಯ ಶಿಕ್ಷಕಿ ಬಂದು ಕೂತು ಕೈ ಎತ್ತಿದರು. ಹುಡುಗಿ ಹಿಂದೆ ಸರಿದಳು.

"ಮೇಡಂ, ಕೈ ಮೇಜಿನ ಮೇಲಿಡಿ" ಎಂದೆ. "ಎತ್ತಿದ್ರೆ ಅವ್ರ ಮನೇಲಿ 'ಬರಬೇಡ' ಅಂತ ಅರ್ಥ."

ಅವರು ನನ್ನನ್ನೊಮ್ಮೆ ನೋಡಿ, ಕೈ ಮೇಜಿನ ಮೇಲೆ ಚಾಚಿದರು. ಆಮೇಲೆ ಹುಡುಗಿ ಹತ್ತಿರ ಬಂದು, ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಮುಟ್ಟುತ್ತಾ ಐದರವರೆಗೆ ಎಣಿಸಿದಳು. ದನಿ ಸಣ್ಣದು, ಆದರೆ ಸ್ಪಷ್ಟ.

ಮುಖ್ಯ ಶಿಕ್ಷಕಿ ಏಳಲು ಹೋದರು. ಹುಡುಗಿ ಆ ಕೈ ಬಿಡಲಿಲ್ಲ.

"ಇನ್ನೊಂದು ಕೈನೂ ಇಡಿ ಮಿಸ್" ಎಂದಳು. "ಹತ್ತರ ತನಕ ಬರ್ತದೆ ನಂಗೆ."