ಪೂಜೆಗಿಟ್ಟ ಸಹಿ

ನನ್ನ ಗಂಡನ ಸಹಿ ಉದ್ದವಾಗಿತ್ತು. ಹೆಸರಿನ ಎಲ್ಲ ಅಕ್ಷರಗಳನ್ನೂ ಬಿಡಿಸಿ ಬರೆದು, ಕೆಳಗೆ ಗೆರೆ ಎಳೆದು, ಗೆರೆಯ ಕೆಳಗೆ ಎರಡು ಚುಕ್ಕೆ ಇಡುತ್ತಿದ್ದರು. ರೇಷನ್ ಅಂಗಡಿಯಲ್ಲಿ ಅವರದು ಮುಗಿಯುವವರೆಗೆ ಹಿಂದೆ ನಿಂತವರು ಗೊಣಗುತ್ತಿದ್ದರು. "ಏನ್ರೀ, ರಂಗೋಲಿ ಹಾಕಾಕತ್ತೀರೇನು?" ಎಂದು ಒಬ್ಬಾಕೆ ಕೇಳಿದ್ದೂ ಉಂಟು.

ಅವರು ಸಂಡೂರಿನ ಒಂದು ಗಣಿ ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ಅದಿರು ತುಂಬಿದ ಲಾರಿಗಳನ್ನು ಕಾಟಾದ ಮೇಲೆ ತೂಗಿ ಚೀಟಿ ಕೊಡುವ ಕೆಲಸ. ಚಿತ್ತವಾಡ್ಗಿಯ ನಮ್ಮ ಮನೆಯಿಂದ ದಿನಾ ಬೈಕಿನಲ್ಲಿ ಹೋಗಿಬರುತ್ತಿದ್ದರು. ಅದಿರಿಗೆ ಒಮ್ಮೆಲೇ ಬೇಡಿಕೆ ಬಂದ ವರ್ಷಗಳವು. ಧಣಿಗಳು ಇನ್ನೊಂದು ಕಂಪನಿ ತೆರೆದರು. ಅದಕ್ಕೆ ಇಬ್ಬರು ಡೈರೆಕ್ಟರು ಬೇಕಿತ್ತು. ಒಬ್ಬರು ಧಣಿಗಳ ಅಳಿಯ, ಇನ್ನೊಬ್ಬರು ನನ್ನ ಗಂಡ. ಕೆಲಸ ಮಾತ್ರ ಅದೇ ಕಾಟಾದ್ದು.

ಹೊಸಪೇಟೆಯ ಆಡಿಟರ ಕಚೇರಿಗೆ ಫೋಟೋ, ದಾಖಲೆ ಕೊಟ್ಟುಬಂದ ಕೆಲವು ದಿನಗಳಿಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಪೆನ್‌ಡ್ರೈವ್ ತಂದರು. ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿ ಗುಟ್ಟಿನ ನಂಬರು ಒತ್ತಿದರೆ ಅವರ ಸಹಿ ಬೀಳುತ್ತದಂತೆ.

"ಕೈಲೆ ಮಾಡಿದ ಸಹಿಗೆ ಎಷ್ಟು ಕಿಮ್ಮತ್ತೈತೋ ಕಾನೂನಿನಾಗ ಇದಕ್ಕೂ ಅಷ್ಟ ಐತಿ" ಅಂದರು.

"ಎರಡು ಚುಕ್ಕಿ ಬರ್ತಾವೇನ್ರಿ ಅದ್ರಾಗ?"

ನಕ್ಕರು. "ಚುಕ್ಕಿ ಇಲ್ಲ, ಗೆರಿ ಇಲ್ಲ. ಕೈನೂ ಬೇಕಾಗಿಲ್ಲ."

ಆ ಮಾತು ನನಗೆ ಯಾಕೋ ಸರಿಬರಲಿಲ್ಲ. ಆದರೂ ನಕ್ಕೆ.

ಮೊದಲು ಅದು ಅವರ ಬೈಕಿನ ಕೀಲಿಯ ಜೊತೆಗೇ ಇರುತ್ತಿತ್ತು. ಆ ವರ್ಷದ ಆಯುಧಪೂಜೆಗೆ ಕಚೇರಿಯವರೆಲ್ಲ ತಮ್ಮ ತಮ್ಮ ಸಾಮಾನು ತಂದಿಟ್ಟರು. ಲಾರಿ ಕೀಲಿ, ಸ್ಪ್ಯಾನರು, ಕಂಪ್ಯೂಟರು. ಇವರು ಪೆನ್‌ಡ್ರೈವನ್ನು ಇಟ್ಟರು. ಅದಕ್ಕೂ ವಿಭೂತಿ ಬಳಿದು ಕುಂಕುಮ ಹಚ್ಚಿದರು. ಮರುದಿನ ಎತ್ತಿಕೊಳ್ಳಲು ಹೋದರೆ ಮ್ಯಾನೇಜರು ತಡೆದರಂತೆ. "ಪೂಜಾ ಆದ ಆಯುಧ ಆಫೀಸ್ ಬಿಟ್ಟು ಹೋಗಬಾರದಪ್ಪ. ಲಾರಿ ಕೀಲಿ ಯಾರರ ಮನೀಗೆ ಒಯ್ತಾರೇನು?" ಇದು ಧಣಿಗಳ ಮನೆತನದ ಪದ್ಧತಿ. ಪೂಜೆಯ ವಿಷಯಕ್ಕೆ ಎದುರಾಡುವುದು ಹೇಗೆ? ಪೆನ್‌ಡ್ರೈವ್ ಮ್ಯಾನೇಜರ ಡ್ರಾಯರಿನಲ್ಲಿ ಉಳಿಯಿತು. ಕಾಟಾ ಬಿಟ್ಟು ಬರಲಾಗದ ಒಂದು ದಿನ ಇವರು ಗುಟ್ಟಿನ ನಂಬರನ್ನೂ ಫೋನಿನಲ್ಲಿ ಹೇಳಿದರು. ಆಮೇಲೆ ಸಹಿಗೆಂದು ಅವರನ್ನು ಯಾರೂ ಕರೆಯಲಿಲ್ಲ.

"ಏನೇನಕ್ಕ ಸಹಿ ಬಿದ್ದೈತೋ ನನಗೂ ಗೊತ್ತಿಲ್ಲ" ಎಂದು ಊಟಕ್ಕೆ ಕುಳಿತಾಗ ಒಮ್ಮೆ ಅಂದರು. ರೊಟ್ಟಿ ಮುರಿದವರು ಬಾಯಿಗಿಡಲಿಲ್ಲ. "ವಾಪಸ್ ಕೇಳ್ರಿ" ಅಂದೆ. "ಕೇಳ್ತೀನಿ" ಅಂದರು. ಮೂರು ಸಲ ಕೇಳಿದರು. ಮೂರು ಸಲವೂ ಡ್ರಾಯರಿನ ಕೀಲಿ ಸಿಗಲಿಲ್ಲವಂತೆ.

ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಚಹಾ ಮಾಡಿ ಕರೆದೆ. ಎರಡನೆಯ ಸಲ ಜೋರಾಗಿ ಕರೆದೆ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಎರೆದು ಬಂದಾಗ ಮ್ಯಾನೇಜರು ಮನೆಯಲ್ಲಿ ಕುಳಿತಿದ್ದರು. ಒಳ್ಳೆಯ ಮಾತುಗಳನ್ನೇ ಆಡಿದರು. ನಮ್ಮ ಮಗಳಿಗೆ ಆಫೀಸಿನಲ್ಲಿ ಕೆಲಸ ಕೊಡಬೇಕೆಂದು ಧಣಿಗಳು ಅನ್ನುತ್ತಿದ್ದಾರೆ ಅಂದರು. ಆಮೇಲೆ ದನಿ ತಗ್ಗಿಸಿದರು.

"ಅಕ್ಕಾರ, ಒಂದು ಮಾತು. ಮುನ್ಸಿಪಾಲ್ಟಿಗೆ ಹೋಗಿ ತೀರಿಕೊಂಡಾರಂತ ಬರಸೋದು ಹದಿನೈದು ದಿನ ತಡೀರಿ. ಹೊರಗಿನ ಪಾರ್ಟಿ ಜೊತಿ ಅದಿರಿನ ಕರಾರೈತಿ. ಎಲ್ಲಾ ಕಂಪ್ಯೂಟರಿನಾಗ. ಇಬ್ಬರ ಸಹಿನೂ ಬೇಕು."

"ಅವರ ಇಲ್ಲಲ್ರಿ ಅಣ್ಣಾರ. ಸಹಿ ಯಾರು ಮಾಡ್ತಾರ?"

"ಸಹಿ ನಮ್ಮ ಡ್ರಾದಾಗ ಐತಲ್ರಿ."

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮರುದಿನದಿಂದ ಕಂಪನಿಯ ಜೀಪು ನಮ್ಮ ಓಣಿಯ ತುದಿಯಲ್ಲಿ ನಿಲ್ಲತೊಡಗಿತು. ಡ್ರೈವರು ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದ. ಮುನ್ಸಿಪಾಲ್ಟಿ ತೆರೆದಿರುವ ಹೊತ್ತು ಅದು.

ಹೀಗೆ ಎಂಟು ದಿನ ಹೋದವು. ಕಂಪ್ಲಿಯಿಂದ ಬಂದು ನಮ್ಮಲ್ಲೇ ಉಳಿದಿದ್ದ ಅವ್ವ ಒಂದು ದಿನ ಅಕ್ಕಿ ಆರಿಸುತ್ತ ಕೇಳಿದಳು. "ಸತ್ತಾನಂತ ಬರಸಾಕ ಯಾರ ಅಪ್ಪಣಿ ಬೇಕೇ ನಿನಗ? ಮಣ್ಣು ಕೊಟ್ಟೀವಿ. ಇನ್ನೂ ಅವನ್ನ ದುಡಸಾಕತ್ತಾರ, ನೀನು ನೋಡ್ಕೋತ ಕುಂತೀ."

ಅಂದೇ ಹಿತ್ತಲಿನಿಂದ ಹೊರಟು ಮುಂದಿನ ಓಣಿಯಲ್ಲಿ ಆಟೋ ಹಿಡಿದೆ. ಮುನ್ಸಿಪಾಲ್ಟಿಯಲ್ಲಿ ಅರ್ಜಿ ಬರೆಸಿದೆ. ಮರಣದ ಪ್ರಮಾಣಪತ್ರ ಕೈಗೆ ಬಂದದ್ದೇ ಆಡಿಟರ ಕಚೇರಿಗೆ ಹೋದೆ. ಅವರು ವಯಸ್ಸಾದವರು, ಕಂಪನಿಯ ಕಾಗದಪತ್ರ ನೋಡುತ್ತಿದ್ದವರು. ಪತ್ರವನ್ನು ಎರಡು ಸಲ ಓದಿದರು.

"ಇದನ್ನ ಕಳಿಸಿದ್ರ ಆ ಸಹಿ ಬಂದ್ ಆಗ್ತೈತಮ್ಮ. ಇವತ್ತ ಕಳಸ್ತೀನಿ."

"ಈಗಾಗಲೇ ಬಿದ್ದಿದ್ದು?"

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಉದ್ದನೆಯ ಕರಾರು. ಕೊನೆಯಲ್ಲಿ ಒಂದು ಚೌಕ, ಅದರೊಳಗೆ ಇಂಗ್ಲಿಷಿನಲ್ಲಿ ಅವರ ಹೆಸರು, ತಾರೀಕು, ಗಂಟೆ, ನಿಮಿಷ. ಅವರು ತೀರಿಕೊಂಡ ಆರನೆಯ ದಿನ ಬೆಳಿಗ್ಗೆ. ಆ ಹೊತ್ತಿಗೆ ನಾನು ಅವರ ಅಂಗಿಗಳನ್ನು ಮಡಚುತ್ತಿದ್ದೆ.

"ಸತ್ತ ಮ್ಯಾಲ ಹಾಕಿದ್ದು ನಡಿಯಂಗಿಲ್ಲ. ಆದ್ರ ಅದನ್ನ ಯಾರರ ಹೋಗಿ ಹೇಳಬೇಕು. ಹೇಳಿದ್ರ, ಇಷ್ಟು ದಿನ ನೀವ್ಯಾಕ ಸುಮ್ನಿದ್ರಿ ಅಂತ ಮೊದಲು ನಿಮ್ಮನ್ನ ಕೇಳ್ತಾರ."

ಎಂಟು ದಿನ ನಾನು ಸುಮ್ಮನಿದ್ದೆ.

ಜೀಪು ನಿಲ್ಲುವುದು ತಪ್ಪಿತು. ಮಗಳ ಕೆಲಸದ ಮಾತು ಮತ್ತೆ ಬರಲಿಲ್ಲ. ಕೆಲವು ತಿಂಗಳಿಗೆ ಅಂಚೆಯವನು ರಿಜಿಸ್ಟರ್ ಲಕೋಟೆ ತಂದ. ದೂರದ ಊರಿನ ವಕೀಲರದು. ಕರಾರಿನಂತೆ ಅದಿರು ಬಂದಿಲ್ಲವೆಂದು ಡೈರೆಕ್ಟರಿಗೆ ನೋಟಿಸು ಬರಬಹುದು ಎಂದು ಆಡಿಟರು ಮೊದಲೇ ಎಚ್ಚರಿಸಿದ್ದರು.

"ಯಜಮಾನ್ರ ಹೆಸರಿಗೈತ್ರಿ. ನೀವ ಸೈ ಮಾಡ್ರಿ, ನಡೀತೈತಿ."

"ನಡಿಯಂಗಿಲ್ಲ. ತೀರಿಕೊಂಡಾರಂತ ಬರೀರಿ. ಯಾವತ್ತು ಅಂತನೂ ಬರೀರಿ."

ಅವನು ಲಕೋಟೆಯನ್ನು ಕಟ್ಟೆಯ ಮೇಲಿಟ್ಟುಕೊಂಡು ನಾನು ಹೇಳಿದ ತಾರೀಕನ್ನು ಬರೆದ. ನಾನು ಬಗ್ಗಿ ಓದಿ ನೋಡಿ ಕಳಿಸಿದೆ.

ಒಂದು ತಿಂಗಳಿಗೆ ಇನ್ನೊಂದು ಲಕೋಟೆ ಬಂತು. ಅದೇ ವಕೀಲರದು. ಈ ಸಲ ನನ್ನ ಹೆಸರಿಗೆ, ಅವರ ವಾರಸುದಾರಳು ಎಂದು. ಸಹಿ ಮಾಡಿ ತೆಗೆದುಕೊಂಡೆ.